ಉಪ್ಪಿನ ಅಕ್ಕ

ಜಪಾನಿನ ಕಡಲ ತೀರದ ಊರು ಹಿಮಿಯ ಮೀನು ಮಾರುಕಟ್ಟೆಯಿಂದ ಎರಡು ಬೀದಿ ಹಿಂದಕ್ಕೆ ಸನಾಯೆಯ ಕ್ಷೌರದಂಗಡಿ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಮೂಲೆಯಲ್ಲಿ ಮಾವನ ಕಾಲದ ಡಬ್ಬಿ ಟಿವಿ. ಗಂಡ ಬಲೆ ದೋಣಿಗೆ ಹೋಗುವವನು. ನಸುಕಿನಲ್ಲಿ ಹೊರಟರೆ ಮಧ್ಯಾಹ್ನ ಬಂದು ಉಂಡು ಮಲಗುತ್ತಿದ್ದ. ಕಳೆದ ಚಳಿಗಾಲದ ಮೊದಲಿಗೆ ಸನಾಯೆಯ ತಾಯಿ ಹಿಸಾನೊ ಕೂಡ ಅಂಗಡಿಯ ಮೇಲಿನ ಮನೆಗೆ ಬಂದು ಸೇರಿಕೊಂಡಳು. ತವರಿನ ಬಾಡಿಗೆ ಮನೆ ಖಾಲಿ ಮಾಡುವ ದಿನ ಕಪಾಟಿನ ಮೇಲುಗಡೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಹಳೆಯ ವಿಡಿಯೋ ಗೇಮ್ ಯಂತ್ರ, ಒಂದೇ ಒಂದು ಆಟದ ಕ್ಯಾಸೆಟ್ಟು, ಚೌಕುಳಿ ಹಾಳೆಯ ಒಂದು ನೋಟ್‌ಬುಕ್ಕು.

"ಅದನ್ಯಾಕೆ ಹೊತ್ಕೊಂಡು ಬರ್ತೀಯ? ಎಸೆದುಬಿಡು," ಎಂದಳು ಹಿಸಾನೊ.

"ಎಸೀತೀನಿ ಬಿಡಮ್ಮ."

"ನೀನು ಎಸೀತೀನಿ ಅಂದಿದ್ದನ್ನ ಎಸೆದದ್ದು ಯಾವತ್ತು?"

ತಾಯಿ ಹೇಳಿದ್ದು ನಿಜವೇ. ಸನಾಯೆ ಪೆಟ್ಟಿಗೆಯನ್ನು ತಂದು ಅಂಗಡಿಯ ಟವೆಲುಗಳ ಗೂಡಿನ ಕೆಳಗೆ ತಳ್ಳಿದಳು. ಕ್ಯಾಸೆಟ್ಟಿನ ಬೆನ್ನ ಮೇಲೆ ದಪ್ಪ ಶಾಯಿಯಲ್ಲಿ ಬರೆದ ಹೆಸರು ಇನ್ನೂ ಮಾಸಿರಲಿಲ್ಲ: ಯುಕಾರಿ.

ಯುಕಾರಿ ಅವಳ ಅಕ್ಕ, ನಾಲ್ಕು ವರ್ಷಕ್ಕೆ ದೊಡ್ಡವಳು. ಹುಟ್ಟುವಾಗಲೇ ಹೃದಯದಲ್ಲಿ ದೋಷವಿತ್ತು. ಓಡುವ ಹಾಗಿಲ್ಲ, ಮೆಟ್ಟಿಲು ಹತ್ತುವಾಗ ಎರಡು ಸಲ ನಿಲ್ಲಬೇಕು. ತುಟಿ ಯಾವಾಗಲೂ ನೇರಳೆ ಹಣ್ಣು ತಿಂದವರ ಹಾಗೆ. ಮೈಯಲ್ಲಿ ಶಕ್ತಿ ಇಲ್ಲದಿದ್ದರೂ ಬಾಯಲ್ಲಿ ಅದಕ್ಕೆ ಕೊರತೆ ಇರಲಿಲ್ಲ. ಹದಿನೈದು ತುಂಬುವ ವರ್ಷ, ಅಂದರೆ ಎಂಬತ್ತೇಳನೆಯ ಇಸವಿಯಲ್ಲಿ, ಅಪ್ಪ ಅವಳಿಗೆಂದು ಆ ಯಂತ್ರ ಕೊಂಡು ತಂದ. ಜೊತೆಗೆ ಬಂದ ಆಟದ ಹೆಸರು ಘಂಟೆನಾಡು.

ಆ ಆಟದಲ್ಲಿ ಒಬ್ಬ ಮಾಂತ್ರಿಕ ಇಡೀ ನಾಡಿನ ಜನರನ್ನು ಉಪ್ಪಿನ ಬೊಂಬೆ ಮಾಡಿಬಿಟ್ಟಿರುತ್ತಾನೆ. ಆಡುವವರ ಅಕ್ಕನೂ ಹಾಗೆಯೇ ಊರ ಬಾವಿಯ ಪಕ್ಕ ಬಿಂದಿಗೆ ಹಿಡಿದು ಬೆಳ್ಳಗೆ ನಿಂತಿರುತ್ತಾಳೆ. ನಾಡೆಲ್ಲ ಅಲೆದು, ರಾಕ್ಷಸರನ್ನು ಕೊಂದು ಬಲ ಬೆಳೆಸಿಕೊಂಡು, ಏಳು ಘಂಟೆಗಳನ್ನು ಹುಡುಕಿ ತಂದು ಬಾರಿಸಿದರೆ ಎಲ್ಲರಿಗೂ ಜೀವ ಬರುತ್ತದೆ. ಆಡುವವರು ತಮಗೆ ಬೇಕಾದ ಹೆಸರು ಇಟ್ಟುಕೊಳ್ಳಬಹುದು. ಅಕ್ಕ ತನ್ನ ಹೆಸರನ್ನೇ ಇಟ್ಟಳು. ಹಾಗಾಗಿ ಸೋತಾಗಲೆಲ್ಲ ಪರದೆ ಕಪ್ಪಗಾಗಿ ಒಂದು ಸಾಲು ಮೂಡುತ್ತಿತ್ತು: ಯುಕಾರಿ ಸತ್ತಳು.

ಆಗ ಅದು ಅಕ್ಕತಂಗಿಯರಿಗೆ ತಮಾಷೆಯಾಗಿತ್ತು.

ಆ ಶರತ್ಕಾಲದಲ್ಲೇ ಯುಕಾರಿಯನ್ನು ಕಾನಾಜಾವಾದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಟಿವಿಗೆ ಯಂತ್ರ ಸಿಕ್ಕಿಸುವ ಹಾಗಿರಲಿಲ್ಲ. ಅದಕ್ಕೆ ಅವಳೊಂದು ಏರ್ಪಾಡು ಮಾಡಿದಳು. ವಾರವೆಲ್ಲ ಮನೆಯಲ್ಲಿ ಸನಾಯೆ ಆಡಬೇಕು. ಭಾನುವಾರ ಅಮ್ಮನ ಜೊತೆ ಎರಡು ರೈಲು ಬದಲಾಯಿಸಿ ಬಂದು, ಎಲ್ಲಿಗೆ ಹೋದೆ, ಯಾರ ಜೊತೆ ಮಾತಾಡಿದೆ, ಗುಹೆ ಯಾವ ಕಡೆ ತಿರುಗಿತು ಎಲ್ಲವನ್ನೂ ಹೇಳಬೇಕು. ಕೇಳುತ್ತಾ ಕೇಳುತ್ತಾ ಅಕ್ಕ ಚೌಕುಳಿ ಹಾಳೆಯಲ್ಲಿ ನಕ್ಷೆ ಬರೆಯುತ್ತಿದ್ದಳು. ಮುಂದಿನ ವಾರ ಹೋಗಬೇಕಾದ ದಾರಿಗೆ ಕೆಂಪು ಪೆನ್ಸಿಲ್ಲು.

"ಈ ವಾರ ನನ್ನ ಎಷ್ಟು ಸಲ ಸಾಯಿಸಿದೆ?" ಎಂದು ಶುರುವಾಗುತ್ತಿತ್ತು ಅವಳ ವಿಚಾರಣೆ.

"ಆರು ಸಲ."

"ಆರಾ! ಮದ್ದಿನ ಸೊಪ್ಪು ಕೊಳ್ಳದೆ ಗುಹೆಗೆ ನುಗ್ಗಿದ್ಯಾ?"

"ಎರಡು ಇತ್ತು ಅಕ್ಕ."

"ಎರಡಿಟ್ಕೊಂಡು ಗುಹೆಗೆ ಹೋಗ್ತಾರೇನೆ, ಪೆದ್ದಿ? ಮನೇಲಿ ಮಿಸೊ ಸಾರಿಗೆ ಹಾಕಕ್ಕೂ ಸಾಲಲ್ಲ ಅದು."

ಆ ಕಾಲದ ಕ್ಯಾಸೆಟ್ಟುಗಳಿಗೆ ನೆನಪಿನ ಶಕ್ತಿ ಇರಲಿಲ್ಲ. ಆಟ ನಿಲ್ಲಿಸುವ ಮುನ್ನ ಪರದೆಯ ಮೇಲೆ ಐವತ್ತೆರಡು ಅಕ್ಷರಗಳ ಒಂದು ಅರ್ಥವಿಲ್ಲದ ಸಾಲು ಬರುತ್ತಿತ್ತು. ಅದನ್ನು ತಪ್ಪಿಲ್ಲದೆ ಬರೆದಿಟ್ಟುಕೊಂಡು ಮರುದಿನ ಹಾಗೆಯೇ ತುಂಬಿದರೆ ನಿಲ್ಲಿಸಿದ ಜಾಗದಿಂದ ಆಟ ಮುಂದುವರಿಯುತ್ತಿತ್ತು. ಒಂದಕ್ಷರ ತಪ್ಪಿದರೆ ವಾರದ ದುಡಿಮೆ ನೀರುಪಾಲು. ಸನಾಯೆ ನಾಲಿಗೆ ಕಚ್ಚಿಕೊಂಡು ಒಂದೊಂದನ್ನೇ ಎರಡೆರಡು ಸಲ ಸರಿ ನೋಡುತ್ತಿದ್ದಳು. ಚಳಿಗಾಲದಲ್ಲಿ, ಬುರಿ ಮೀನು ಸಿಗುವ ಕಾಲಕ್ಕೆ, ಹಿಮಿಯ ಕಡಲ ಮೇಲೆ ಗುಡುಗು ಶುರುವಾದರೆ ಸಾಕು, ಕರೆಂಟು ಹೋದೀತೆಂದು ಓಡಿ ಬಂದು ಬರೆದಿಡುತ್ತಿದ್ದಳು.

ಹೊಸ ವರ್ಷ ಕಳೆದು ಜನವರಿ ಕೊನೆಯಲ್ಲಿ ಆಪರೇಷನ್ನಿನ ದಿನ ಗೊತ್ತಾಯಿತು. ಅಮ್ಮ ಅಡುಗೆಮನೆಯಲ್ಲಿ ಮೂಲಂಗಿ ಹೆಚ್ಚುತ್ತಾ ಸನಾಯೆಗೆ ಬೆನ್ನು ಮಾಡಿಕೊಂಡೇ ಹೇಳಿದಳು: "ಉಳಿಯೋದು ಹತ್ತರಲ್ಲಿ ಒಂದು ಪಾಲು ಅಂತಾರೆ ಡಾಕ್ಟ್ರು. ಮಾಡಿಸದಿದ್ರೆ ಅದೂ ಇಲ್ಲ. ಅಕ್ಕಂಗೆ ಗೊತ್ತಿಲ್ಲ, ಗೊತ್ತಾಗಲೂಬಾರ್ದು. ಅವಳ ಮುಂದೆ ಮುಖ ಸಣ್ಣ ಮಾಡಿದ್ರೆ ನೋಡು."

ಆಗೆಲ್ಲ ಇಂಥದ್ದನ್ನು ರೋಗಿಗೆ ಹೇಳುವ ವಾಡಿಕೆ ಇರಲಿಲ್ಲ. ಮನೆಯವರು ತಿಳಿದುಕೊಂಡು, ನುಂಗಿಕೊಂಡು, ನಗುನಗುತ್ತಾ ಇರಬೇಕು. ಹನ್ನೊಂದು ವರ್ಷದ ಸನಾಯೆ ನುಂಗಿಕೊಂಡಳು.

ಅವಳ ಆಟ ಆಗ ಕೊನೆಯ ಗೋಪುರದ ಬುಡದಲ್ಲಿ ನಿಂತಿತ್ತು. ಏಳನೆಯ ಘಂಟೆ ಗೋಪುರದ ತುದಿಯಲ್ಲಿ, ಮಾಂತ್ರಿಕನ ಹತ್ತಿರ. ಶಾಲೆಯಿಂದ ಬಂದವಳು ಚೀಲ ಬಿಸಾಡಿ ಕೂತರೆ ಊಟಕ್ಕೆ ಕರೆಯುವವರೆಗೂ ಗೋಪುರ ಹತ್ತುತ್ತಿದ್ದಳು. ನಾಲ್ಕನೆಯ ಅಂತಸ್ತು, ಐದನೆಯದು. ಯುಕಾರಿ ಸತ್ತಳು. ಮತ್ತೆ ಬುಡದಿಂದ. ಯುಕಾರಿ ಸತ್ತಳು. ಮೊದಮೊದಲು ತಮಾಷೆಯಾಗಿದ್ದ ಆ ಸಾಲು ಬಂದಾಗ ಈಗ ಅವಳು ಕೈಯಿಂದ ಪರದೆ ಮುಚ್ಚಿಕೊಳ್ಳುತ್ತಿದ್ದಳು. ಆಪರೇಷನ್ನಿಗೆ ಮೂರು ದಿನ ಉಳಿದಿದ್ದ ಭಾನುವಾರ ಬಂದೇಬಿಟ್ಟಿತು. ಗೋಪುರ ಮುಗಿದಿರಲಿಲ್ಲ.

ಆರು ಹಾಸಿಗೆಗಳ ಮಕ್ಕಳ ವಾರ್ಡು. ಅಕ್ಕನದು ಕಿಟಕಿಯ ಪಕ್ಕ. ಹೊರಗೆ ಒದ್ದೆ ಹಿಮ ಬೀಳುತ್ತಿತ್ತು. ಅಮ್ಮ ನರ್ಸಿನ ಹತ್ತಿರ ಮಾತಾಡಲು ಹೋದಳು.

"ಏನಾಯ್ತೆ? ಮುಗಿಸಿದ್ಯಾ?" ಎಂದಳು ಯುಕಾರಿ.

"ಮುಗೀತು," ಎಂದಳು ಸನಾಯೆ.

ಹೇಳಿದ ಮೇಲೆ ಹಿಂದಕ್ಕೆ ಬರುವ ದಾರಿ ಇರಲಿಲ್ಲ. ಮಾಂತ್ರಿಕನನ್ನು ಕೊಂದೆ ಎಂದಳು. ಏಳು ಘಂಟೆ ಒಂದಾದ ಮೇಲೊಂದು ಬಾರಿಸಿದೆ ಎಂದಳು. ನಾಡಿನ ಜನರೆಲ್ಲ ಮೈ ಕೊಡವಿಕೊಂಡು ಎದ್ದರು. ಕೊನೆಗೆ ಬಾವಿಯ ಹತ್ತಿರ ಹೋದರೆ, ಅಕ್ಕನ ಮೈಮೇಲಿನ ಉಪ್ಪು ಮೊದಲು ಬೆರಳ ತುದಿಯಲ್ಲಿ ಬಿರುಕು ಬಿಟ್ಟಿತು, ಆಮೇಲೆ ಮೊಣಕೈ, ಆಮೇಲೆ ಕೆನ್ನೆ. ಕೈಯಲ್ಲಿದ್ದ ಬಿಂದಿಗೆ ಬಿದ್ದು ನೀರು ಚೆಲ್ಲಿತು. ಅಕ್ಕ ಕಣ್ಣು ಬಿಟ್ಟಳು. ಹೇಳುತ್ತಾ ಹೇಳುತ್ತಾ ಸನಾಯೆಗೆ ಅದೆಲ್ಲ ಪರದೆಯ ಮೇಲೆ ನೋಡಿದ್ದೇ ಅನ್ನಿಸಿಬಿಟ್ಟಿತು.

ಯುಕಾರಿ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೂ ತೆರೆಯಲಿಲ್ಲ.

"ಇನ್ನೊಂದ್ಸಲ ಹೇಳು. ಏಳನೇ ಘಂಟೆಯಿಂದ."

ಸನಾಯೆ ಇನ್ನೊಂದು ಸಲ ಹೇಳಿದಳು.

"ಚೆನ್ನಾಗಿದೆ ಕಣೇ," ಎಂದಳು ಅಕ್ಕ. "ತುಂಬಾ ಚೆನ್ನಾಗಿದೆ."

ಬುಧವಾರ ಆಪರೇಷನ್ ಆಯಿತು. ಶುಕ್ರವಾರ ಯುಕಾರಿ ಹೋದಳು.

ಅಲ್ಲಿಂದ ಮುಂದೆ ಸನಾಯೆ ಆ ಯಂತ್ರ ಮುಟ್ಟಲಿಲ್ಲ. ಶಾಲೆಯಲ್ಲಿ ಯಾರಾದರೂ ಘಂಟೆನಾಡಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ನಿಜವಾದ ಕೊನೆ ಕಿವಿಗೆ ಬಿದ್ದೀತೆಂಬ ಭಯ. ಕ್ಷೌರ ಕಲಿತಳು, ಮದುವೆಯಾದಳು, ಅಪ್ಪನನ್ನು ಕಳಿಸಿಕೊಟ್ಟಳು. ಸುಳ್ಳು ಹೇಳಿ ಅಕ್ಕನನ್ನು ಕಳಿಸಿದೆ ಎಂಬುದು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ ಉಳಿದಿತ್ತು.

ಪೆಟ್ಟಿಗೆ ಸಿಕ್ಕ ಆ ಚಳಿಗಾಲದ ಜನವರಿಯಲ್ಲಿ, ಅವಳಿಗೆ ನಲವತ್ತೆಂಟಾಗಿದ್ದಾಗ, ಅಂಗಡಿಗೆ ಗಿರಾಕಿ ಕಡಿಮೆ. ಒಂದು ಮಧ್ಯಾಹ್ನ ಟವೆಲು ಮಡಚುತ್ತಿದ್ದವಳು ಸುಮ್ಮನೆ ಪೆಟ್ಟಿಗೆ ಎಳೆದು ಯಂತ್ರವನ್ನು ಡಬ್ಬಿ ಟಿವಿಗೆ ಸಿಕ್ಕಿಸಿದಳು. ಹೊತ್ತಲಾರದು ಎಂದುಕೊಂಡಿದ್ದಳು, ಹೊತ್ತಿತು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವಳದೇ ಎಳೆಯ ಕೈಬರಹದ ಐವತ್ತೆರಡು ಅಕ್ಷರ. ಒಂದೊಂದಾಗಿ ತುಂಬಿದಳು. ಒಂದಕ್ಷರವೂ ತಪ್ಪಿರಲಿಲ್ಲ. ಗೋಪುರದ ಬುಡದಲ್ಲಿ, ಅವಳು ಬಿಟ್ಟು ಹೋಗಿದ್ದ ಜಾಗದಲ್ಲೇ, ಬೆರಳುದ್ದದ ಯುಕಾರಿ ಕಾಲು ಬದಲಿಸುತ್ತಾ ನಿಂತಿದ್ದಳು.

ಸಂಗೀತ ಶುರುವಾದ ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಹಿಸಾನೊ ಅರ್ಧ ಇಳಿದು ಗೋಡೆ ಹಿಡಿದು ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಆ ಸದ್ದು ನಿಲ್ಲಿಸು."

"ಅಮ್ಮ, ಇದು ಬರೀ—"

"ಏನು ಅಂತ ನಂಗೊತ್ತು. ಅಕ್ಕಿ ತೊಳೀತಿದ್ದೆ. ಕೇಳಿದ ತಕ್ಷಣ, ಯುಕಾರಿ ಊಟಕ್ಕೆ ಬಾರೇ ಅಂತ ಕೂಗಿಬಿಟ್ಟೆ." ತಾಯಿ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿದಳು. "ಕೂಗಿದ ಮೇಲೆ ಉತ್ತರಕ್ಕೆ ಕಾದೆ ಕಣೇ."

ಅಂದಿನಿಂದ ಸನಾಯೆ ಸದ್ದಿಲ್ಲದೆ ಆಡಿದಳು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಸ್ಟೂಲೊಂದನ್ನು ಟಿವಿಯ ಮುಂದೆ ಎಳೆದುಕೊಳ್ಳುತ್ತಿದ್ದಳು. ಬೆರಳುಗಳಿಗೆ ಹಳೆಯ ಚುರುಕಿರಲಿಲ್ಲ. ಯುಕಾರಿ ಸತ್ತಳು. ಕಪ್ಪು ಪರದೆಯಲ್ಲಿ ಆ ಸಾಲಿನ ಹಿಂದೆ ತನ್ನ ಮುಖ, ತನ್ನ ಹಿಂದೆ ಖಾಲಿ ಕುರ್ಚಿಗಳು, ಅವುಗಳ ಹಿಂದೆ ಕನ್ನಡಿ ಕಾಣುತ್ತಿದ್ದವು. ಕನ್ನಡಿಯೊಳಗೆ ಯಾರೋ ಕೂತಿದ್ದಾರೆನಿಸಿ ಎರಡು ಮೂರು ಸಲ ತಿರುಗಿ ನೋಡಿದ್ದೂ ಉಂಟು. ಅಕ್ಕನ ಹಳೆಯ ನಕ್ಷೆ ತೆರೆದಿಟ್ಟುಕೊಂಡು ಕೆಂಪು ಗೆರೆ ಹಿಡಿದು ಹೋದಳು. ಗೋಪುರದ ನಕ್ಷೆ ಐದನೆಯ ಅಂತಸ್ತಿಗೆ ನಿಂತುಹೋಗಿತ್ತು. ಅಲ್ಲಿಂದ ಮೇಲಕ್ಕೆ ತಾನೇ ಬರೆದುಕೊಂಡಳು.

ಫೆಬ್ರವರಿಯ ಒಂದು ಸೋಮವಾರ ಮಾಂತ್ರಿಕ ಸತ್ತ. ಏಳು ಘಂಟೆ ತಾವಾಗಿಯೇ ಮೊಳಗಿದವು. ಅಲ್ಲಿಗೆ ಮುಗಿಯುತ್ತದೆಂದು ಅವಳು ಅಂದುಕೊಂಡರೆ ಮುಗಿಯಲಿಲ್ಲ. ಬಂದ ದಾರಿಯನ್ನೆಲ್ಲ ನಡೆದು ಮೊದಲ ಊರಿಗೆ ವಾಪಸ್ಸು ಹೋಗಬೇಕಿತ್ತು. ದಾರಿಯಲ್ಲಿ ರಾಕ್ಷಸರಿರಲಿಲ್ಲ. ಊರೂರಲ್ಲಿ ಎಚ್ಚೆತ್ತ ಜನ ಕೈಬೀಸುತ್ತಿದ್ದರು. ಗಾಣದವನು, ದೋಣಿಯವನು, ಔಷಧಿ ಮಾರುವ ಮುದುಕಿ. ಸನಾಯೆ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ನಾನು ಹೇಳಿದ್ದೇ ನಿಜವಾಗಿದ್ದರೆ? ಹನ್ನೊಂದು ವರ್ಷದವಳಿಗೆ ಹೇಗೋ ಹೊಳೆದಿದ್ದೇ ಇಲ್ಲಿಯೂ ಇದ್ದುಬಿಟ್ಟರೆ?

ಬಾವಿಯ ಪಕ್ಕ ಯಾರೂ ಇರಲಿಲ್ಲ. ನೆಲದ ಮೇಲೆ ಒಂದು ಬಿಳಿ ಕಲೆ. ಅದರ ಮೇಲೆ ನಿಂತು ಗುಂಡಿ ಒತ್ತಿದಳು. ಒಂದು ಸಾಲು ಮೂಡಿತು.

ಮಳೆ ಬಂದಿತ್ತು.

ಅಷ್ಟೇ. ಇನ್ನೊಮ್ಮೆ ಗುಂಡಿ ಒತ್ತಿದರೆ ಆಟ ಮಾಡಿದವರ ಹೆಸರು ಬರಬಹುದು, ಆಮೇಲೆ ಎಲ್ಲ ಅಳಿಸಿಹೋಗಬಹುದು. ಸನಾಯೆ ಒತ್ತಲಿಲ್ಲ. ಅವಳಿಗೆ ಮೊದಲು ಬಂದ ಯೋಚನೆ: ಸದ್ಯ, ಅಕ್ಕ ಇದನ್ನು ನೋಡಲಿಲ್ಲ. ಇಷ್ಟು ವರ್ಷ ಚುಚ್ಚಿದ ಸುಳ್ಳು ಈಗ ದೊಡ್ಡ ಪುಣ್ಯದ ಕೆಲಸದ ಹಾಗೆ ಕಂಡಿತು. ಹಗುರವಾಗಿ ಎದ್ದು ಮುಖ ತೊಳೆದಳು. ಆದರೂ ಯಂತ್ರ ಆರಿಸಲು ಕೈ ಬರಲಿಲ್ಲ. ಮೂರು ದಿನ ಆ ಸಾಲು, ಆ ಕಲೆ, ಅದರ ಮೇಲೆ ಕಾಲು ಬದಲಿಸುವ ಯುಕಾರಿ ಹಾಗೆಯೇ ಇದ್ದರು. ಟಿವಿ ಹಾಕಿ ಎಂದ ಗಿರಾಕಿಗಳಿಗೆ ಕೆಟ್ಟಿದೆ ಎಂದಳು.

ಗುರುವಾರ ಮಧ್ಯಾಹ್ನ ಪರಿಚಯವಿಲ್ಲದ ಗಂಡಸೊಬ್ಬ ಬಂದ. ಐವತ್ತರ ಆಸುಪಾಸು, ಮೈಮೇಲೆ ಮೆಕ್ಯಾನಿಕ್ಕುಗಳ ನೀಲಿ ಅಂಗಿ. ಹೆಸರು ಸೊಗಾ ಎಂದೂ, ಕಾನಾಜಾವಾದಿಂದ ಬಂದವನೆಂದೂ, ಮೀನು ಮಾರುಕಟ್ಟೆಯ ಮಂಜುಗಡ್ಡೆ ಯಂತ್ರದ ರಿಪೇರಿಗೆ ಬಂದು ಬಿಡಿಭಾಗಕ್ಕೆ ಕಾಯುತ್ತಿರುವುದಾಗಿಯೂ ಕೂರುವಷ್ಟರಲ್ಲಿ ಹೇಳಿ ಮುಗಿಸಿದ. ಸನಾಯೆ ಅವನ ಕತ್ತಿಗೆ ಬಟ್ಟೆ ಕಟ್ಟಿ ಕತ್ತರಿ ಹಿಡಿದಳು. ಅವನ ಕಣ್ಣು ಕನ್ನಡಿಯಲ್ಲಿ ಕಂಡ ಟಿವಿಯ ಮೇಲೆ ಬಿತ್ತು.

"ಅರೆ! ಘಂಟೆನಾಡು ಅಲ್ವಾ ಅದು? ಮುಗಿಸಿಬಿಟ್ಟಿದೀರಲ್ಲ!"

"ಹೂಂ, ಹೇಗೋ ಆಯ್ತು."

"ಆ ಕೊನೆ ಮಾಡಿದವನು ಸಿಕ್ಕಿದ್ರೆ ನಾಲ್ಕು ಬಾರಿಸ್ಬೇಕು ಅಂತಿದ್ದೆ ಆಗ. ಅಷ್ಟು ಕಷ್ಟಪಟ್ಟು ಬಂದ್ರೆ ಮಳೆ ಬಂದಿತ್ತಂತೆ!" ಅವನು ನಕ್ಕ. ಆಮೇಲೆ ನಗು ತಾನಾಗಿಯೇ ನಿಂತಿತು. "ಇದನ್ನ ನೋಡಿದ್ರೆ ನಂಗೆ ಒಂದು ಹುಡುಗಿ ನೆನಪಾಗ್ತಾಳೆ. ಹದಿಮೂರು ವರ್ಷದವನಿದ್ದಾಗ ಮೂತ್ರಪಿಂಡದ ತೊಂದ್ರೆ ಅಂತ ಆಸ್ಪತ್ರೇಲಿದ್ದೆ, ಎರಡು ತಿಂಗಳು. ವಾರ್ಡಲ್ಲಿ ಆರು ಜನ. ಕಿಟಕಿ ಪಕ್ಕ ಯುಕಾರಿ ಅಕ್ಕ ಅಂತ ಒಬ್ಬಳಿದ್ಲು."

ಕತ್ತರಿ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ ಮತ್ತೆ ಚಕ್ ಚಕ್ ಶುರುವಾಯಿತು. ಅವಳು ನನ್ನ ಅಕ್ಕ ಎಂದು ಆಗಲೇ ಯಾಕೆ ಹೇಳಲಿಲ್ಲ ಎಂದು ಸನಾಯೆ ಆಮೇಲೆ ಎಷ್ಟೋ ಸಲ ಕೇಳಿಕೊಂಡಳು.

"ಅವಳೂ ಇದನ್ನೇ ಆಡ್ತಿದ್ಲು. ಆಡ್ತಿದ್ದದ್ದು ಮನೇಲಿ ಅವಳ ತಂಗಿ, ಇವಳು ಹಾಸಿಗೇಲಿ ಕೂತು ಹುಕುಂ ಮಾಡೋದು. ನಾನು ಆಸ್ಪತ್ರೆಗೆ ಬರೋಕೆ ಮೊದಲೇ ಮುಗಿಸಿದ್ದೆ. ಅದು ಗೊತ್ತಾಗಿ ಒಂದು ದಿನ ಹಿಡ್ಕೊಂಡ್ಲು. ಕೊನೆ ಏನು, ಹೇಳೋ ಅಂತ. ಹೇಳಿದ್ರೆ ಮಜಾ ಹೋಗುತ್ತೆ ಅಂದೆ. ಅವಳ ಪುಡಿಂಗ್ ಕೊಟ್ಟುಬಿಟ್ಲು. ಪುಡಿಂಗ್ ಆಸೆಗೆ ಹೇಳಿಬಿಟ್ಟೆ."

"ಯಾವತ್ತು ಅದು?" ಸನಾಯೆಯ ದನಿ ಅವಳಿಗೇ ದೂರದಿಂದ ಕೇಳಿಸಿತು.

"ದಿನ ನೆನಪಿದೆ, ಪುಡಿಂಗ್ ಕೊಡ್ತಿದ್ದದ್ದು ಗುರುವಾರ ಮಾತ್ರ. ಅದರ ಮುಂದಿನ ಬುಧವಾರ ಅವಳ ಆಪರೇಷನ್ ಇತ್ತು. ಮಳೆ ಬಂದಿತ್ತು ಅಂತ ಬರುತ್ತೆ ಅಷ್ಟೇ ಅಂದೆ. ಅಳ್ತಾಳೇನೋ ಅಂತ ಭಯ ಆಯ್ತು. ಅವಳು, ಹೌದಲ್ವಾ, ಉಪ್ಪು ತಾನೇ ಅಂತ ನಕ್ಕುಬಿಟ್ಲು."

ಹೊರಗೆ ಮೀನಿನ ಲಾರಿಯೊಂದು ಹಾದುಹೋಯಿತು. ಬಾಗಿಲಿನ ಗಾಜು ಅದುರಿತು.

"ಆಮೇಲೆ ಭಾನುವಾರ ತಂಗಿ ಬಂದ್ಲು. ಹತ್ತೋ ಹನ್ನೊಂದೋ ವಯಸ್ಸು. ಕೆಂಪು ಕೈಗವಸು ಹಾಕ್ಕೊಂಡು, ಮೂಗು ಸುರಿಸ್ಕೊಂಡು. ಮುಗಿಸಿದೆ ಅಂತ ಶುರು ಮಾಡಿದ್ಲು ನೋಡಿ! ಉಪ್ಪು ಬಿರುಕು ಬಿಡ್ತಂತೆ, ಬಿಂದಿಗೆ ಬಿತ್ತಂತೆ. ನಾನು ಪಕ್ಕದ ಹಾಸಿಗೇಲಿ. ಸುಳ್ಳಿ, ಅಂತ ಬಾಯಿ ತೆಗೀಬೇಕು, ಅಷ್ಟರಲ್ಲಿ ಯುಕಾರಿ ಅಕ್ಕ ಕಣ್ಣು ಮುಚ್ಕೊಂಡೇ ಹೊದಿಕೆ ಕೆಳಗಿಂದ ಕೈ ಚಾಚಿ ನನ್ನ ತೋಳು ಹಿಡಿದ್ಲು. ಉಗುರು ಊರಿ ಹಿಡಿದಿದ್ಲು. ತಂಗಿ ಎರಡನೇ ಸಲ ಹೇಳಿ ಮುಗಿಸೋ ತನಕ ಬಿಡಲಿಲ್ಲ."

"ಆಮೇಲೆ?"

"ಅವರು ಹೋದ್ಮೇಲೆ ಕೇಳ್ದೆ, ನಿನ್ನ ತಂಗಿ ಯಾಕೆ ಸುಳ್ಳು ಹೇಳಿದ್ಲು ಅಂತ. ಯುಕಾರಿ ಅಕ್ಕ ಅಂದ್ಲು..." ಸೊಗಾ ಕನ್ನಡಿಯಲ್ಲಿ ತನ್ನ ಕಣ್ಣನ್ನೇ ನೋಡಿಕೊಂಡ. "ಅವಳಿಗೆ ಸುಳ್ಳು ಹೇಳೋಕೆ ಬರಲ್ಲ ಕಣೋ. ಒಂದು ಮಿಠಾಯಿ ಕದ್ರೂ ಸಂಜೆಯೊಳಗೆ ಬಾಯಿ ಬಿಡ್ತಾಳೆ. ಅವಳೇ ಇಷ್ಟು ದೊಡ್ಡ ಸುಳ್ಳು ಹೇಳ್ತಾಳೆ ಅಂದ್ರೆ, ನಾನು ಬದುಕಲ್ಲ ಅಂತ ಮನೇಲಿ ಎಲ್ಲರಿಗೂ ಗೊತ್ತಾಗಿದೆ. ಹಾಗಂದ್ಲು. ನಂಗೆ ಹದಿಮೂರು ವರ್ಷ. ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಪುಡಿಂಗ್ ವಾಪಸ್ ಕೊಡ್ಲಾ ಅಂದೆ. ತಿಂದು ಮೂರು ದಿನ ಆಗಿತ್ತು."

ಸನಾಯೆ ಬಾಚಣಿಗೆಯಿಂದ ಅವನ ಕೂದಲು ಎತ್ತಿದಳು. ಕತ್ತರಿಸಲಿಲ್ಲ.

"ಹಳದಿ," ಎಂದಳು.

"ಏನು?"

"ಕೈಗವಸು. ಕೆಂಪಲ್ಲ, ಹಳದಿ. ನಮ್ಮಜ್ಜಿ ಹೆಣೆದದ್ದು."

ಸೊಗಾ ಕನ್ನಡಿಯಲ್ಲಿ ಅವಳನ್ನು ನೋಡಿದ. ಕತ್ತು ಹೊರಳಿಸಿ ನೇರವಾಗಿ ನೋಡಿದ. ಕುರ್ಚಿಯ ಎರಡೂ ಕೈ ಹಿಡಿದು ಎದ್ದೇಬಿಟ್ಟ. ಬಟ್ಟೆಯ ಮೇಲಿನ ಕೂದಲೆಲ್ಲ ನೆಲಕ್ಕೆ ಸುರಿಯಿತು. "ಕ್ಷಮಿಸಿ, ನನಗೆ... ದಯವಿಟ್ಟು... ನಾನು ಹೋಗ್ತೀನಿ," ಎಂದು ಸೊಂಟ ಬಗ್ಗಿಸಿದ.

"ಕೂತ್ಕೊಳ್ಳಿ," ಎಂದಳು ಸನಾಯೆ. "ಒಂದೇ ಕಡೆ ಆಗಿದೆ. ಹೀಗೇ ಮಾರ್ಕೆಟ್ಟಿಗೆ ಹೋದ್ರೆ ಮೀನಿನವರು ನಗ್ತಾರೆ."

ಅವನು ಕೂತ. ಅವಳು ಉಳಿದ ಅರ್ಧಕ್ಕೆ ಕೈ ಹಾಕಿದಳು. ಕತ್ತರಿಗೆ ಬೆರಳು ಸರಿಯಾಗಿ ಕೂರುತ್ತಿರಲಿಲ್ಲ. ಎರಡು ಸಲ ತೆಗೆದು ಹಾಕಿಕೊಂಡಳು.

"ಒಂದು ಕೇಳ್ತೀನಿ. ಹೆದರಿದ್ಲಾ?"

ಇಲ್ಲ ಎನ್ನುತ್ತಾನೆ ಎಂದುಕೊಂಡಳು. ಅವಳಾಗಿದ್ದರೆ ಇಲ್ಲವೆಂದೇ ಹೇಳುತ್ತಿದ್ದಳು.

"ಹೆದರಿದ್ಲು," ಎಂದ. "ಸೋಮವಾರ ಬೆಳಿಗ್ಗೆ ಕೈ ತೊಳೆಯೋ ಜಾಗದಲ್ಲಿ ನಲ್ಲಿ ಬಿಟ್ಕೊಂಡು ತುಂಬಾ ಹೊತ್ತು ನಿಂತಿದ್ಲು. ಹೊರಗೆ ಬಂದಾಗ ಕಣ್ಣು ಊದಿತ್ತು. ಆಮೇಲೆ ನಮ್ಮನ್ನೆಲ್ಲ ಹಾಸಿಗೆ ಸುತ್ತ ಕೂರಿಸಿ, ಘಂಟೆನಾಡಿನ ನಿಜವಾದ ಕೊನೆ ಕೇಳ್ರೋ ಅಂತ ನೀವು ಹೇಳಿದ್ದನ್ನೇ ಹೇಳಿದ್ಲು. ಹಾಗಲ್ಲ ಅಂತ ಯಾರಾದ್ರೂ ಅಂದ್ರೆ ಅವರದ್ದು ಕೆಟ್ಟ ಕ್ಯಾಸೆಟ್ಟು ಅಂದ್ಲು. ಒಬ್ಬ ಪುಟ್ಟ ಹುಡುಗಿ ನನ್ನ ಕೇಳಿದ್ಲು, ಹೌದಾ ಅಣ್ಣ? ಹೌದು ಅಂದೆ."

ಅವನು ಹೊರಡುವಾಗ ಅಂಗಡಿಯ ವಿಳಾಸದ ಚೀಟಿ ಕೇಳಿ ತೆಗೆದುಕೊಂಡ.

ಬಾಗಿಲು ಹಾಕಿಕೊಂಡು ತಿರುಗಿದರೆ, ಒಳಮನೆಯ ಪರದೆಯ ಹಿಂದೆ ಮೆಟ್ಟಿಲ ಮೇಲೆ ಹಿಸಾನೊ ಕೂತಿದ್ದಳು. ತೊಡೆಯ ಮೇಲೆ ಚಹದ ತಟ್ಟೆ. ಗಿರಾಕಿಗೆಂದು ತಂದ ಚಹ ತಣ್ಣಗಾಗಿತ್ತು.

"ಕೇಳಿಸ್ತಾ?" ಎಂದಳು ಸನಾಯೆ.

"ಕಿವಿ ಇನ್ನೂ ಚೆನ್ನಾಗಿದೆ ನಂಗೆ."

ಸನಾಯೆ ನೆಲದ ಮೇಲೆ ತಾಯಿಯ ಕಾಲ ಹತ್ತಿರ ಕುಕ್ಕರಿಸಿದಳು. "ಅಮ್ಮ, ನಾನೇ ಅವಳಿಗೆ ಹೇಳಿಬಿಟ್ಟ ಹಾಗಾಯ್ತು."

ತಾಯಿ ತಟ್ಟೆಯ ಅಂಚನ್ನು ಹೆಬ್ಬೆರಳಿಂದ ಉಜ್ಜುತ್ತಾ ಕೂತಿದ್ದಳು.

"ಆಪರೇಷನ್ ದಿನ ಬೆಳಿಗ್ಗೆ ಎರಡು ಜಡೆ ಹಾಕು ಅಂದ್ಲು," ಎಂದಳು ಕೊನೆಗೆ. "ಸಣ್ಣವಳಿದ್ದಾಗ ಹಾಕ್ತಿದ್ದ ಹಾಗೆ. ಇನ್ನೇನು ಕರ್ಕೊಂಡು ಹೋಗ್ತಾರೆ ಅಂತ ಬಡಬಡ ಹಾಕ್ದೆ. ನಿಧಾನ ಹಾಕಮ್ಮ ಅಂದ್ಲು. ಹೇಗೂ ಟೋಪಿ ಒಳಗೆ ಹೋಗುತ್ತಲ್ಲ, ಚೆಂದ ಆದ್ರೇನು ಬಿಟ್ರೇನು ಅಂದೆ. ನಾನು ಏನೂ ಗೊತ್ತಿಲ್ಲದವಳ ಹಾಗೆ ನಗಾಡ್ತಿದ್ದೆ. ಅವಳೂ ನಗಾಡ್ತಿದ್ಲು." ಹಿಸಾನೊ ತಲೆ ಎತ್ತಿದಳು. "ಯಾರು ಯಾರಿಗೋಸ್ಕರ ನಗಾಡ್ತಿದ್ವಿ ಅಂತ ಈಗ ಗೊತ್ತಾಯ್ತು ನೋಡು."

ಅವಳು ಎದ್ದು, ಗೋಡೆ ಹಿಡಿದುಕೊಂಡು ಟಿವಿಯ ಮುಂದೆ ಬಂದು ಸ್ಟೂಲಿನ ಮೇಲೆ ಕೂತಳು. ಬಿಳಿ ಕಲೆಯನ್ನು ಬಗ್ಗಿ ನೋಡಿದಳು. ಕಾಲು ಬದಲಿಸುವ ಪುಟ್ಟ ಆಕೃತಿಯನ್ನು ನೋಡಿದಳು. ಅದರ ಹೆಸರೇನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಸದ್ದು ಕೊಡು," ಎಂದಳು.

ಸನಾಯೆ ಕೊಟ್ಟಳು. ಸಂಜೆಯ ಗಿರಾಕಿ ಬಂದು ಬಾಗಿಲು ತಟ್ಟುವವರೆಗೂ ಇಬ್ಬರೂ ಹಾಗೆಯೇ ಕೂತಿದ್ದರು. ಆಮೇಲೆ ಹಿಸಾನೊ ತಾನೇ ಕೈ ಚಾಚಿ ಯಂತ್ರ ಆರಿಸಿ ಮೇಲೆ ಹೋದಳು. ಅಂದು, ಮರುದಿನ, ಅದರ ಮರುದಿನ ಅವಳು ಸನಾಯೆಯ ಜೊತೆ ಅಕ್ಕಿ, ಉಪ್ಪಿನಕಾಯಿ, ಒಣಗಿದ ಬಟ್ಟೆಗಳ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ನಾಲ್ಕನೆಯ ದಿನ ಅಂಗಡಿಗೆ ಇಳಿದು ಬಂದು ಕುರ್ಚಿಯಲ್ಲಿ ಕೂತು, "ಕತ್ತಿನ ಹಿಂದೆ ಕೂದಲು ಚುಚ್ತಿದೆ, ಸ್ವಲ್ಪ ತೆಗಿ," ಎಂದಳು. ಸನಾಯೆ ತೆಗೆದಳು. ಬೇಕಾದ್ದಕ್ಕಿಂತ ಬಹಳ ನಿಧಾನವಾಗಿ ತೆಗೆದಳು.

ಏಪ್ರಿಲ್ ಮೊದಲಿಗೆ ಸೊಗಾನಿಂದ ಪತ್ರ ಬಂತು. ಆರು ಜನರಲ್ಲಿ ತನ್ನನ್ನೂ ಸೇರಿಸಿ ಮೂವರು ಬದುಕಿದ್ದಾರೆ, ಇಬ್ಬರನ್ನು ಹುಡುಕಿ ಫೋನಿನಲ್ಲಿ ಮಾತಾಡಿದೆ ಎಂದು ಬರೆದಿದ್ದ. ಇಬ್ಬರೂ ಆ ಕತೆ ಮರೆತಿಲ್ಲ. ಆಗಿನ ಪುಟ್ಟ ಹುಡುಗಿ ಈಗ ಮೂರು ಮಕ್ಕಳ ತಾಯಿ. ಘಂಟೆನಾಡನ್ನು ಅವಳು ಒಮ್ಮೆಯೂ ಆಡಿಲ್ಲ, ನಿಜವಾದ ಕೊನೆ ಅದೇ ಎಂದು ಇವತ್ತಿಗೂ ನಂಬಿದ್ದಾಳೆ, ಮಕ್ಕಳಿಗೂ ಹೇಳಿದ್ದಾಳೆ. ಪತ್ರ ಹೀಗೆ ಮುಂದುವರಿದಿತ್ತು: ನಾನು ತಿದ್ದಲು ಹೋಗಲಿಲ್ಲ. ಆದರೆ ಒಂದು ವಿಷಯದಲ್ಲಿ ನಮ್ಮ ಮೂವರಿಗೂ ಒಮ್ಮತವಿಲ್ಲ. ಉಪ್ಪಿನ ಅಕ್ಕ ಕಣ್ಣು ಬಿಟ್ಟ ಮೇಲೆ ಮೊದಲು ಆಡಿದ ಮಾತು ಯಾವುದು? ಬೆಳಗಾಯ್ತಾ ಎಂದು ಕೇಳಿದಳೆಂದು ಅವಳು ಹೇಳುತ್ತಾಳೆ. ಎಷ್ಟು ಎತ್ತರ ಆಗಿಬಿಟ್ಟಿದೀಯೇ ಎಂದಳೆಂದು ನನ್ನ ನೆನಪು. ಇನ್ನೊಬ್ಬನ ಪ್ರಕಾರ, ನೀನು ಯಾರು ಎಂದಳು. ನಿಮ್ಮನ್ನೇ ಕೇಳಿಬಿಡೋಣ ಎಂದು ತೀರ್ಮಾನವಾಗಿದೆ.

ಸನಾಯೆ ಪತ್ರ ಹಿಡಿದುಕೊಂಡು ಗಿರಾಕಿಗಳ ಕುರ್ಚಿಯಲ್ಲೇ ಕೂತಳು. ವಾರ್ಡಿನ ಕಿಟಕಿ ನೆನಪಿತ್ತು, ಒದ್ದೆ ಹಿಮ ನೆನಪಿತ್ತು, ಗಾಜಿಗೆ ಅಂಟಿದ್ದ ಹಳೆಯ ಅಂಟುಪಟ್ಟಿಯ ಕಲೆ ಕೂಡ ನೆನಪಿತ್ತು. ಆ ಮಾತು ಮಾತ್ರ ಇಲ್ಲ. ತಾನೇ ಕಟ್ಟಿ ಎರಡೆರಡು ಸಲ ಹೇಳಿದ ಮಾತು. ಎಷ್ಟು ತಡಕಿದರೂ ಅಕ್ಕ ಕಣ್ಣು ಬಿಡುವ ಜಾಗಕ್ಕೆ ಬಂದು ಎಲ್ಲ ನಿಂತುಹೋಗುತ್ತಿತ್ತು.

'ನನಗೂ ನೆನಪಿಲ್ಲ' ಎಂದು ಕಾರ್ಡಿನಲ್ಲಿ ಬರೆದಳು. ಇನ್ನೇನಾದರೂ ಸೇರಿಸೋಣವೆಂದು ಸ್ವಲ್ಪ ಹೊತ್ತು ಪೆನ್ನು ಹಿಡಿದಿದ್ದು, ಸೇರಿಸದೆ, ಬಂದರಿನ ರಸ್ತೆಯ ಅಂಚೆ ಡಬ್ಬಿಗೆ ಹಾಕಿದಳು. ವಾಪಸ್ಸು ನಡೆಯುತ್ತಾ ಮೂರೂ ಮಾತುಗಳನ್ನು ಒಂದೊಂದಾಗಿ ಯುಕಾರಿಯ ದನಿಯಲ್ಲಿ ಕೇಳಿಸಿಕೊಳ್ಳಲು ನೋಡಿದಳು. ಬೆಳಗಾಯ್ತಾ. ಎಷ್ಟು ಎತ್ತರ ಆಗಿಬಿಟ್ಟಿದೀಯೇ. ನೀನು ಯಾರು. ಮೂರೂ ತನ್ನದೇ ದನಿಯಲ್ಲಿ, ನಲವತ್ತೆಂಟು ವರ್ಷದ ಕ್ಷೌರದವಳ ದನಿಯಲ್ಲಿ ಕೇಳಿಸಿದವು. ಮಾರುಕಟ್ಟೆಯ ಹಿಂದೆ ಬಲೆ ಒಣಹಾಕುತ್ತಿದ್ದ ಹೆಂಗಸೊಬ್ಬಳು, "ಏನೇ ಸನಾಯೆ, ಯಾರ ಹತ್ರ ಮಾತಾಡ್ತಾ ಇದೀಯ?" ಎಂದು ಕೂಗಿದಳು. ಆಗಲೇ ಅವಳಿಗೆ ತಾನು ಅವನ್ನು ಗಟ್ಟಿಯಾಗಿ ಹೇಳುತ್ತಿದ್ದುದು ಗೊತ್ತಾಯಿತು.